ಶಾಲೆಗೆ ಹತ್ತಿರದ ಮನೆ

ಏಪ್ರಿಲ್ ೨೦, ಭಾನುವಾರ

ನಮ್ಮ ಮನೆಯವರಿಗೆ ಬದನಗುಪ್ಪೆಯ ಕಾರ್ಖಾನೆಯಲ್ಲಿ ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಪಿಯುಸಿ ಮುಗಿದ ಮೇಲೆ ರುಜು ಹಾಕುವುದಕ್ಕೆ ಬಿಟ್ಟರೆ ನಾನು ಪೆನ್ನು ಹಿಡಿದವಳಲ್ಲ. ಇವತ್ತು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿದೆ. ಇವರಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಅತ್ತೆಗೆ ಹೇಳಿದರೆ ಅತ್ತುಬಿಡುತ್ತಾರೆ.

ಅನುವಿಗೆ ಆರು ತುಂಬಿತು. ಒಂದನೇ ಕ್ಲಾಸಿಗೆ ಸೇರಿಸಬೇಕು. ಪುಣಜನೂರಿನಿಂದ ಒಳಗಿರುವ ನಮ್ಮ ಊರಿನ ಶಾಲೆಯಲ್ಲಿ ಎಲ್ಲ ತರಗತಿಗೂ ಒಬ್ಬರೇ ಮೇಷ್ಟ್ರು. ಒಳ್ಳೆಯವರು. ಆದರೆ ಮೀಟಿಂಗು, ಸರ್ವೆ ಅಂತ ತಿಂಗಳಲ್ಲಿ ಅರ್ಧ ಹೊರಗೇ ಇರುತ್ತಾರೆ. ಆನೆ ಇಳಿದ ದಿನ ಶಾಲೆಯೇ ಇಲ್ಲ. ನಾನು ಅಂಥ ಶಾಲೆಯಲ್ಲೇ ಓದಿ, ಪಿಯುಸಿಯಲ್ಲಿ ಇಂಗ್ಲಿಷ್ ಪಾಠ ತಿಳಿಯದೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವಳು. ಅನು ಹಾಗೆ ಕೂರಬಾರದು.

ನಿನ್ನೆ ಅವಳನ್ನು ಕರೆದುಕೊಂಡು ಗುಂಡ್ಲುಪೇಟೆಗೆ, ನಮ್ಮ ಕುಮಾರಿ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ವಿಭಾಗ ಇದೆ. ಸೀಟು ಆಗಲೇ ಮುಗಿದುಹೋಗಿದೆ. "ಇಲ್ಲಿ ಮಕ್ಕಳ್ಗೇ ಸಾಲ್ದು ಕಣಮ್ಮಿ, ಇನ್ನು ಕಾಡಂಚಿನೋರ್ಗೆ ಎಲ್ಲಿಂದ ತಂದಾರು" ಅಂದಳು ಅಕ್ಕ. ವಾಪಸು ಬರುವಾಗ ತೆರಕಣಾಂಬಿ ದಾಟುವವರೆಗೂ ಅನು ಕಂಡಕ್ಟರಿಗೆ ನಮ್ಮ ಮನೆಯ ಕೋಳಿಗಳ ಹೆಸರೆಲ್ಲ ಹೇಳಿ ಮುಗಿಸಿದಳು. ಬಾಯಿ ಅಂದರೆ ಬಾಯಿ. ಅದನ್ನು ಕೊಟ್ಟದ್ದು ಅತ್ತೆಯೇ.

ಉಳಿದಿರುವುದು ಚಾಮರಾಜನಗರದ ಶಾಲೆ. ಅಲ್ಲಿ ಹತ್ತಿರ ವಾಸ ಇರುವವರಿಗೆ ಮೊದಲು ಕೊಡುತ್ತಾರಂತೆ, ಮಿಕ್ಕರೆ ಚೀಟಿ ಎತ್ತುತ್ತಾರಂತೆ. ಪ್ರೈವೇಟು ನಮ್ಮ ಕೈಗೆ ಎಟುಕುವುದಿಲ್ಲ. ಹಾಗಾದರೆ ಆ ಶಾಲೆಯ ಹತ್ತಿರವೇ ಮನೆ ಹಿಡಿಯಬೇಕು.

ಏಪ್ರಿಲ್ ೨೭, ಭಾನುವಾರ

ಬಿಸಿಲಿನಲ್ಲಿ ಸುತ್ತಿ ಸುತ್ತಿ ತಲೆನೋವು.

ಮೊದಲ ಮನೆಯಲ್ಲಿ ನೀರು ಕೊಟ್ಟು ಕೂರಿಸಿದರು. ಯಾವ ಊರು, ಏನು ಕೆಲಸ, ಎಷ್ಟು ಜನ ಎಲ್ಲ ಕೇಳಿದರು. ಆಮೇಲೆ ಆಕೆ, "ತಪ್ ತಿಳ್ಕೊಬ್ಯಾಡಿ, ಯಾವ ಪೈಕಿ ನೀವು?" ಅಂದರು. ಇವರು ನೆಟ್ಟಗೆ, "ಎಸ್ಸಿ ಕಣಮ್ಮ" ಅಂದರು. ಆಕೆ ಒಳಗೆ ಹೋಗಿ ಬಂದು, "ನಮ್ ಯಜಮಾನ್ರು ಆಗ್ಲೇ ಯಾರ್ಗೋ ಮಾತ್ ಕೊಟ್ಬುಟ್ಟವ್ರಂತೆ" ಅಂದರು. ಎರಡನೆಯ ಮನೆಯಲ್ಲೂ ಅದೇ ಮಾತು, ಅಷ್ಟೇ ನಯವಾಗಿ. ರಸ್ತೆಗೆ ಬಂದ ಮೇಲೆ ಅನು ತಿರುಗಿ ನೋಡಿ, "ಮನೆ ಕೊಟ್ಬುಟ್ಟಿದ್ರೆ ಬೋರ್ಡು ಯಾಕಮ್ಮ ತೆಗ್ದಿಲ್ಲ?" ಎಂದು ಕೇಳಿದಳು.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಇವರು ಬಾಗಿಲ ಹತ್ತಿರವೇ ನಿಂತು ಬಂದರು.

ಮೇ ೪, ಭಾನುವಾರ

ಮನೆ ಸಿಕ್ಕಿತು!

ಶಾಲೆಯ ಹಿಂದಿನ ಬೀದಿ. ಗಂಟೆ ಹೊಡೆದರೆ ಕೇಳಿಸುತ್ತದೆ. ಯಜಮಾನರು ವೃಷಭೇಂದ್ರಪ್ಪ, ಅರಿಶಿನ ವ್ಯಾಪಾರ, ಲಿಂಗಾಯತರು. ಅವರ ಮನೆಗೆ ಅಂಟಿಕೊಂಡ ಎರಡು ಕೋಣೆ ನಮಗೆ. ಗೇಟೂ ಜಗಲಿಯೂ ಇಬ್ಬರಿಗೂ ಒಂದೇ. ಅವರ ಹೆಂಡತಿ ಗಂಗಾಂಬಿಕೆಯವರು ಅನುವನ್ನು ನೋಡಿದ ಕೂಡಲೇ ತೊಡೆಯ ಮೇಲೆ ಕೂರಿಸಿಕೊಂಡರು. ಆಮೇಲೆ ಆ ಪ್ರಶ್ನೆ ಬಂತು.

"ನಮ್ಮದು ಮಾದಪ್ಪನ ಒಕ್ಕಲು ಕಣಮ್ಮ" ಅಂದರು ಇವರು, ನೆಲ ನೋಡಿಕೊಂಡು.

ಗಂಗಾಂಬಿಕೆಯವರು ಗಂಡನ ಕಡೆ ತಿರುಗಿ, "ಮಾದಪ್ಪನ ಒಕ್ಕಲಂತೆ. ನಮ್ಮೋರೇ ಆದ್ರು ಬುಡಿ" ಅಂದರು. "ಮಾಂಸ-ಮಡ್ಡಿ ಮಾಡಂಗಿಲ್ಲ, ಅಷ್ಟೇ."

ಸುಳ್ಳೇನೂ ಹೇಳಲಿಲ್ಲವಲ್ಲ. ಮಾದಪ್ಪನಿಗೆ ಅವರ ಜನವೂ ಒಕ್ಕಲು, ನಾವೂ ಒಕ್ಕಲೇ. ಅತ್ತೆ ವರ್ಷ ವರ್ಷ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತಾರೆ. ಅವರು ಹಾಗೆ ತಿಳಿದುಕೊಂಡರೆ ನಾವೇನು ಮಾಡುವುದು.

ಮೇ ೧೨, ಸೋಮವಾರ

ಸಾಮಾನು ಸಾಗಿಸಿದೆವು. ಅತ್ತೆ ರಾಗಿ, ಹುರುಳಿ ಎಲ್ಲ ಕಟ್ಟಿಕೊಟ್ಟರು. ಟೆಂಪೋ ಹೊರಟಾಗ, "ನೀವು ನೆಲೆ ಆಗಿ, ಆಮೇಕೆ ನಾನೂ ಬತ್ತೀನಿ. ಕೂಸ ಬುಟ್ಟು ಎಂಗಿರನ" ಅಂದರು. ಬಂದು ಇದ್ದುಬಿಡಿ ಅತ್ತೆ ಅಂದೆ.

ಊರಿನ ಮನೆಯ ಗೋಡೆಯಲ್ಲಿದ್ದ ಅಂಬೇಡ್ಕರ್ ಫೋಟೋವನ್ನು ಇವರು ಪೇಪರಿನಲ್ಲಿ ಸುತ್ತಿ ತಂದಿದ್ದಾರೆ. ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟೆ. ಬಾಡಿಗೆ ಮನೆ ಗೋಡೆಗೆ ಮೊಳೆ ಹೊಡೆಯಬಾರದು.

ಮೇ ೨೯, ಗುರುವಾರ

ಅನುವಿಗೆ ಸೀಟು ಸಿಕ್ಕಿ ಇವತ್ತು ಮೊದಲ ದಿನ. ಬೂಟು, ಟೈ. ಗಂಗಾಂಬಿಕೆಯವರು ತಾವೇ ಜಡೆ ಹಾಕಿ ಕನಕಾಂಬರ ಮುಡಿಸಿ, ಹಣೆಗೆ ವಿಭೂತಿ ಇಟ್ಟರು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳು. ಗೇಟಿನ ಹತ್ತಿರ ಅಳುತ್ತಿದ್ದ ಬೇರೆ ಮಕ್ಕಳಿಗೆ ಇವಳೇ ಸಮಾಧಾನ ಹೇಳುತ್ತಿದ್ದಳು.

ಜೂನ್ ೧೫, ಭಾನುವಾರ

ಅನುವಿನ ಬಾಯಿಗೆ ಬೀಗ ಇಲ್ಲ. ಬೆಳಿಗ್ಗೆ ಗಂಗಾಂಬಿಕೆಯವರ ಹತ್ತಿರ, "ನಮ್ಮೂರಲ್ಲಿ ಮಾರಿಹಬ್ಬಕ್ಕೆ..." ಎಂದು ಶುರು ಮಾಡಿದಳು. ನಾನು ಒಳಗಿಂದ ಕೂಗಿ ಕರೆದುಕೊಂಡೆ.

ಮಧ್ಯಾಹ್ನ ಅವಳನ್ನು ಎದುರಿಗೆ ಕೂರಿಸಿಕೊಂಡು ಆಟದ ಹಾಗೆ ಹೇಳಿಕೊಟ್ಟೆ. ಕೋಳಿಸಾರಿನ ಮಾತು ಆಡಬಾರದು. ನಮ್ಮ ಬೀದಿಯ ಹೆಸರು ಹೇಳಬಾರದು. ಹಬ್ಬದ ವಿಷಯ ಬೇಡ. ಅಜ್ಜಿ ಕೂಲಿಗೆ ಹೋಗುತ್ತಾರೆ ಅನ್ನಬಾರದು. "ಮಿಸ್ಸಿಗೂ ಹೇಳ್ಬಾರ್ದಾ?" ಅಂದಳು. ಮಿಸ್ಸಿಗೂ ಬೇಡ ಅಂದೆ. ಶಾಲೆಯ ದಾಖಲೆಯಲ್ಲಿ ಎಲ್ಲ ಇದ್ದೇ ಇದೆ, ಆದರೆ ಕ್ಲಾಸಿನಲ್ಲಿ ಆಡಿದ ಮಾತು ಬೀದಿಗೆ ಬರುವುದಕ್ಕೆ ಎಷ್ಟು ಹೊತ್ತು? ಮನೆ ಹೋದರೆ ಸೀಟೂ ಹೋಗುತ್ತದೆ.

ಜಾಣೆ, ಬೇಗ ಕಲಿತಳು.

ಜುಲೈ ೬, ಭಾನುವಾರ

ಇವರ ತಾಯಿ ಬರುತ್ತೇನೆಂದು ಫೋನು ಮಾಡಿದ್ದರು. ಬಸ್ ಸ್ಟ್ಯಾಂಡಿನಲ್ಲೇ ಇರಿ, ನಾವೇ ಬರುತ್ತೇವೆ ಎಂದೆ. ವಯಸ್ಸಾದವರನ್ನು ಅಷ್ಟು ದೂರ ಏಕೆ ನಡೆಸುವುದು. ಅಲ್ಲೇ ಬೆಂಚಿನ ಮೇಲೆ ಕೂತು ಮಾತಾಡಿದೆವು. ಅನು ಅವರ ಮಡಿಲಿನಿಂದ ಏಳಲೇ ಇಲ್ಲ. ಹೋಟೆಲಿನಲ್ಲಿ ಇಡ್ಲಿ ಕೊಡಿಸಿದೆ.

"ಮನೆ ಎಂಗದೆ ಅಂತ ಒಂದ್ ಕಿತ ನೋಡ್ಬೇಕಿತ್ತು" ಅಂದರು. ಇನ್ನೊಂದು ಸಲ ನೋಡುವಿರಂತೆ ಅಂದೆ. ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಬಸ್ಸು ಹತ್ತುವಾಗ ನನ್ನನ್ನು ನೋಡಿ, "ಉಸಾರು ಕಣವ್ವ" ಅಂದರು. ಯಾಕೆ ಹಾಗೆ ಅಂದರೋ.

ಆಗಸ್ಟ್ ೧೭, ಭಾನುವಾರ

ಇವತ್ತು ಒಂದು ಗಂಡಾಂತರ ತಪ್ಪಿತು.

ಅನುವಿಗೆ ವಾರವೆಲ್ಲ ಜ್ವರ ಇದ್ದು ಈಗ ಇಳಿದಿದೆ. ಅದು ಹೇಗೋ ಊರಿಗೆ ತಲುಪಿ, ಇವರ ತಾಯಿ ವಿಳಾಸ ಕೇಳಿಕೊಂಡು, ಫೋನೂ ಮಾಡದೆ ಬಂದುಬಿಟ್ಟಿದ್ದಾರೆ. ಇವರಿಗೆ ಓಟಿ ಇತ್ತು, ಮನೆಯಲ್ಲಿರಲಿಲ್ಲ. ಗಂಗಾಂಬಿಕೆಯವರು ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು, ಅನು ಪಕ್ಕದಲ್ಲಿ ಕೂತು ದಾರ ಹಿಡಿದಿದ್ದಳು. ಗೇಟಿನ ಸದ್ದಾಯಿತು. ನಾನು ಬಾಗಿಲಿಗೆ ಬಂದೆ. ತಲೆಯ ಮೇಲೆ ಕುಕ್ಕೆ ಹೊತ್ತು ಅವರು ನಿಂತಿದ್ದರು.

"ಯಾರಮ್ಮ? ಯಾರು ಬೇಕಾಗಿತ್ತು?" ಎಂದು ಗಂಗಾಂಬಿಕೆಯವರು ಕೇಳಿದರು.

ನಾನು ಹೊಸ್ತಿಲು ದಾಟಲಿಲ್ಲ. ಇವರ ತಾಯಿ ನನ್ನ ಮುಖ ನೋಡಿದರು. ಎಷ್ಟು ಹೊತ್ತು ನೋಡಿದರೋ ಗೊತ್ತಿಲ್ಲ. ಆಮೇಲೆ ಕುಕ್ಕೆ ಕೆಳಗಿಳಿಸಿ, "ಸೊಪ್ಪು ತಂದಿವ್ನಿ ಕಣವ್ವ. ಬೇಕಾ?" ಅಂದರು.

ಅನು ದಾರ ಬಿಟ್ಟು ಎದ್ದಳು. ನಾನು ಅವಳನ್ನು ನೋಡಿದೆ. ಕೂತುಕೊಂಡಳು.

"ಏನ್ ಸೊಪ್ಪು?" ಅಂದರು ಗಂಗಾಂಬಿಕೆಯವರು.

"ಅಣ್ಣೆಸೊಪ್ಪು, ಕಿರೆಸೊಪ್ಪು, ಒಸಿ ಬೆರಕೆ. ಬೆಳಿಗ್ಗೆ ಕುಯ್ದದ್ದು."

ಗಂಗಾಂಬಿಕೆಯವರು ಚೌಕಾಸಿ ಮಾಡಿ ಅಷ್ಟೂ ತೆಗೆದುಕೊಂಡರು. "ಮೀನಾ, ನಿಂಗೂ ಬೇಕೇನಮ್ಮ?" ಅಂದರು. ಬೇಡಮ್ಮ ಅಂದೆ. ಇವರ ತಾಯಿ ನೋಟನ್ನು ಕಣ್ಣಿಗೆ ಒತ್ತಿಕೊಂಡು, "ಕೂಸು ಸೊರಗ್ದಂಗದೆ" ಅಂದರು.

"ಬಾಡಿಗೆಯೋರ ಮಗು. ಜ್ವರ ಬಂದಿತ್ತು. ಈಗ ಪರವಾಗಿಲ್ಲ."

"ಮಾದಪ್ಪ ಕಾಪಾಡ್ಲಿ ಬುಡಿ" ಎಂದು ಕುಕ್ಕೆ ಎತ್ತಿಕೊಂಡು ಹೋದರು. ಕುಕ್ಕೆಯ ತಳದಲ್ಲಿ ಬಟ್ಟೆಯ ಗಂಟೊಂದಿತ್ತು, ಅದನ್ನು ಬಿಚ್ಚಲಿಲ್ಲ.

ಓದು ಬರಹ ಇಲ್ಲದಿದ್ದರೂ ಎಷ್ಟು ಬೇಗ ಅರ್ಥ ಮಾಡಿಕೊಂಡರು. ದೊಡ್ಡ ಉಪಕಾರವಾಯಿತು. ಸಂಜೆ ಇವರಿಗೆ ಹೇಳಿದೆ. ಇವರು ಊಟ ಮಾಡಲಿಲ್ಲ. ಕಾರ್ಖಾನೆಯಲ್ಲೇ ಹೆಚ್ಚು ತಿಂದಿರಬೇಕು. ಗಂಗಾಂಬಿಕೆಯವರು ಕೊಟ್ಟು ಕಳಿಸಿದ ಸೊಪ್ಪಿನ ಸಾರನ್ನು ಅನುವೂ ಮುಟ್ಟಲಿಲ್ಲ. ಜ್ವರದ ಬಾಯಿ.

ಆಗಸ್ಟ್ ೨೧, ಗುರುವಾರ

ಅನು ಶಾಲೆಗೆ ಹೋಗುತ್ತಿದ್ದಾಳೆ. ಮನೆ ತಣ್ಣಗಿದೆ.

ಸೆಪ್ಟೆಂಬರ್ ೩, ಬುಧವಾರ

ಅನುವಿನ ಟೀಚರ್ ನಾಗರತ್ನ ಮೇಡಂ ಬರಹೇಳಿದ್ದರು. ಅಕ್ಷರ ದುಂಡಾಗಿದೆ, ಲೆಕ್ಕ ಸರಿಯಾಗಿ ಮಾಡುತ್ತಾಳೆ ಎಂದು ಪುಸ್ತಕ ತೋರಿಸಿದರು. ನನಗೆ ಹೆಮ್ಮೆಯಾಯಿತು. ಆಮೇಲೆ, "ಒಂದ್ ವಿಷ್ಯ ಕೇಳ್ಬೇಕಿತ್ತು. ಮಗುಗೆ ಕಿವಿ ಸರ್ಯಾಗಿ ಕೇಳ್ಸುತ್ತಾ?" ಅಂದರು.

"ಕೇಳ್ಸುತ್ತೆ ಮೇಡಂ. ಯಾಕೆ?"

"ಎರಡು ವಾರದಿಂದ ಒಂದ್ ಮಾತೂ ಆಡಿಲ್ಲ ಕಣ್ರಿ. ಹೆಸರು ಕೂಗಿದ್ರೆ ಕೈ ಎತ್ತುತ್ತಾಳೆ, ಅಷ್ಟೇ. ಮೊದ್ಲು ಹೀಗಿರ್ಲಿಲ್ಲ. ಪಕ್ಕದ ಮಕ್ಕಳ ಹತ್ರಾನೂ ಇಲ್ಲ. ಒಂದ್ಸಲ ತೋರ್ಸಿ."

ಮನೆಯಲ್ಲೂ ಕಡಿಮೆಯಾಗಿದೆ, ನಿಜ. ದೊಡ್ಡವಳಾಗುತ್ತಿದ್ದಾಳೆ, ಗಾಂಭೀರ್ಯ ಬಂದಿದೆ ಅಂದುಕೊಂಡಿದ್ದೆ.

ಸೆಪ್ಟೆಂಬರ್ ೧೦, ಬುಧವಾರ

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇವರು ರಜೆ ಹಾಕಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸದ್ದು ಕೇಳಿಸಿದರು. ಪ್ರತಿಯೊಂದಕ್ಕೂ ಬೆರಳು ಎತ್ತಿದಳು. ಗಂಟಲು ನೋಡಿದರು, ನಾಲಿಗೆ ನೋಡಿದರು. ಎಲ್ಲ ಸರಿಯಾಗಿದೆ. "ಮನೇಲಿ ಏನಾದ್ರೂ ಗಲಾಟೆ ಇದ್ಯಾ?" ಎಂದು ಡಾಕ್ಟರು ಕೇಳಿದರು. ಏನೂ ಇಲ್ಲ, ಹಿಂದಿಗಿಂತ ನೆಮ್ಮದಿಯಾಗಿದ್ದೇವೆ ಅಂದೆ. ಇವರು ಕಿಟಕಿಯ ಕಡೆ ನೋಡುತ್ತಿದ್ದರು.

ಬರುವಾಗ ಐಸ್‌ಕ್ರೀಂ ಕೊಡಿಸಿದೆವು. ಅನು ಯಾವುದು ಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ, ಬೊಟ್ಟು ಮಾಡಿ ತೋರಿಸಿದಳು.

ಸೆಪ್ಟೆಂಬರ್ ೨೧, ಅಮಾವಾಸ್ಯೆ

ದಸರಾ ರಜೆ. ಊರಲ್ಲಿ ಇವತ್ತು ಹಿರಿಯರಿಗೆ ಎಡೆ ಇಡುತ್ತಾರೆ. ನಾವು ಹೋಗಲಿಲ್ಲ.

ಊಟಕ್ಕೆ ಕೂತಾಗ ಇವರು ಅನುವಿನ ತಲೆ ನೇವರಿಸಿ, "ಯಾಕ್ ಕೂಸೇ, ಇಸ್ಕೂಲಲ್ಲಿ ಮಾತೇ ಆಡಲ್ವಂತೆ? ಮಿಸ್ಸು ಬೈತಾರಾ?" ಅಂದರು. ತಲೆ ಅಲ್ಲಾಡಿಸಿದಳು. "ಮಕ್ಕಳು ಒಡೀತಾರಾ?" ಇಲ್ಲ. "ಮತ್ತೆ?"

ತಟ್ಟೆ ನೋಡಿಕೊಂಡೇ, ಪಕ್ಕದ ಗೋಡೆಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು.

"ಏನೇನು ಹೇಳ್ಬಾರ್ದು ಅಂತ ಮರ್ತೋಯ್ತದೆ ಅಪ್ಪಾ. ಅದ್ಕೇ ಏನೂ ಹೇಳಲ್ಲ."

ಸೆಪ್ಟೆಂಬರ್ ೨೨, ಸೋಮವಾರ

ನಿದ್ದೆ ಇಲ್ಲ. ಏನು ಬರೆಯಲಿ.

ಸೆಪ್ಟೆಂಬರ್ ೨೪, ಬುಧವಾರ

ಬೆಳಿಗ್ಗೆ ಅನುವನ್ನು ಇವರ ಹತ್ತಿರ ಬಿಟ್ಟು ಒಬ್ಬಳೇ ಊರಿಗೆ ಹೋದೆ. ಪುಣಜನೂರಿನಲ್ಲಿ ಇಳಿದು ನಡೆದೆ. ಅತ್ತೆ ಹೊರಗೆ ಕೂತು ಹುರುಳಿ ಕೇರುತ್ತಿದ್ದರು. ನನ್ನನ್ನು ಕಂಡು ಮೊರ ಬಿಟ್ಟು ಎದ್ದರು. "ಕೂಸು ಎಂಗದೆ?" ಅದೇ ಮೊದಲ ಮಾತು.

ಮನೆಗೆ ಬನ್ನಿ ಅತ್ತೆ, ನಮ್ಮ ಜೊತೆ ಇರಿ, ಕರೆದುಕೊಂಡು ಹೋಗುವುದಕ್ಕೇ ಬಂದಿದ್ದೇನೆ ಅಂದೆ.

"ಬ್ಯಾಡ ಕಣವ್ವ. ಮನೆಯೋರ್ಗೆ ಗೊತ್ತಾದ್ರೆ ಕೂಸಿನ ಸೀಟೋಯ್ತದೆ."

"ಹೋದ್ರೆ ಹೋಗ್ಲಿ ಅತ್ತೆ."

"ಅಂಗನ್ನಬ್ಯಾಡ. ಎಷ್ಟ್ ಕಷ್ಟಪಟ್ಟು ಸೇರ್ಸಿದ್ದೀರಿ." ಚೆಲ್ಲಿದ ಹುರುಳಿಯನ್ನು ಮೊರಕ್ಕೆ ಬಳಿಯುತ್ತಾ, "ಸೊಪ್ಪು ಮಾರೋಳಾಗೇ ಬತ್ತೀನಿ ಬುಡು. ವಾರಕ್ಕೊಂದ್ ಕಿತ. ಕೂಸ ಕಣ್ಣಲ್ ನೋಡ್ದಂಗೂ ಆಯ್ತದೆ, ಆಯಮ್ಮನ್ಗೂ ಗುಮಾನಿ ಬರಾಕಿಲ್ಲ" ಅಂದರು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರೇ ನೀರು ತಂದುಕೊಟ್ಟು ಬೆನ್ನು ಸವರಿದರು.

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟೆವು. ಗೇಟು ತೆಗೆದಾಗ ಗಂಗಾಂಬಿಕೆಯವರು ಜಗಲಿಯಲ್ಲೇ ಇದ್ದರು. "ಓ, ಸೊಪ್ಪಿನಮ್ಮ ಬಂದ್ರಾ?" ಅಂದರು.

"ಅಮ್ಮಾ, ಇವ್ರು ನಮ್ಮತ್ತೆ. ಚಿಕ್ಕಮಾದಮ್ಮ ಅಂತ. ನಮ್ಮ ಮನೆಯೋರ ತಾಯಿ, ಅನು ಅಜ್ಜಿ" ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಮತ್ತೊಂದು ಪ್ರಶ್ನೆ ಬರುತ್ತಿತ್ತು. "ನಾವು ಎಸ್ಸಿ ಜನ ಅಮ್ಮ. ಅವತ್ತು ಹೇಳಿರ್ಲಿಲ್ಲ."

ಗಂಗಾಂಬಿಕೆಯವರ ಕೈಯಲ್ಲಿದ್ದ ಹೂವು ಹಾಗೇ ನಿಂತಿತು. ಮುಖ ಮೊದಲು ಕೆಂಪಾಯಿತು. ಅವರು ನನ್ನನ್ನು ನೋಡಲಿಲ್ಲ, ಅತ್ತೆಯನ್ನೇ ನೋಡಿದರು. "ಅಯ್ಯೋ, ಅವತ್ತು ನಿಮ್ಮ ಹತ್ರ ಚೌಕಾಸಿ ಮಾಡ್ಬುಟ್ನಲ್ಲಮ್ಮ" ಅಂದರು. ಆಮೇಲೆ ಎದ್ದು ಒಳಗೆ ಹೋದರು. ಬಾಗಿಲನ್ನು ಸದ್ದಾಗದ ಹಾಗೆ ಹಾಕಿಕೊಂಡರು.

ಅನು ಅಜ್ಜಿಯ ಸೊಂಟ ತಬ್ಬಿಕೊಂಡವಳು ಇನ್ನೂ ಬಿಟ್ಟಿಲ್ಲ.

ಅಕ್ಟೋಬರ್ ೫, ಭಾನುವಾರ

ವೃಷಭೇಂದ್ರಪ್ಪನವರು ಇವರನ್ನು ಕರೆದು, ಮಗಳು ಅಳಿಯ ಬಂದಿರುತ್ತಾರೆ, ಮನೆ ಬೇಕು, ದೀಪಾವಳಿಯೊಳಗೆ ನೋಡಿಕೊಳ್ಳಿ ಅಂದರಂತೆ. ಜೋರು ಮಾಡಲಿಲ್ಲ. ಗಂಗಾಂಬಿಕೆಯವರು ಬಾಗಿಲ ಹಿಂದೆ ನಿಂತಿದ್ದರಂತೆ. ಈ ಹತ್ತು ದಿನದಿಂದ ಅನುವಿಗೆ ಜಡೆ ಹಾಕಲು ಅವರು ಕರೆದಿಲ್ಲ. ಅತ್ತೆಯೇ ಹಾಕುತ್ತಾರೆ, ಬಿಗಿಯಾಗಿ.

ಸೀಟಿನ ಚಿಂತೆಯಿಂದ ನಾಗರತ್ನ ಮೇಡಂಗೆ ಫೋನು ಮಾಡಿದೆ. "ಸೇರಿದ್ ಮಗುನ ಯಾರ್ರೀ ತೆಗೀತಾರೆ? ಮನೆ ಎಲ್ಲಾದ್ರೂ ಮಾಡಿ, ಮಗು ಟೈಮಿಗೆ ಬಂದ್ರೆ ಸಾಕು" ಅಂದರು. ಅದನ್ನು ಜೂನಿನಲ್ಲೇ ಕೇಳಬಹುದಿತ್ತು. ಕೇಳಲೇ ಇಲ್ಲ.

ಅಕ್ಟೋಬರ್ ೧೨, ಭಾನುವಾರ

ಎಲ್ಲರೂ ಹೋಗಿ ಮನೆ ನೋಡಿದೆವು. ಪ್ರತಿ ಮನೆಯಲ್ಲೂ ಕೂರುವ ಮೊದಲೇ ನಾನು ಹೇಳಿದೆ. ಇಬ್ಬರು ಆಗುವುದಿಲ್ಲ ಅಂದರು. ಒಬ್ಬರು ಯೋಚಿಸಿ ಹೇಳುತ್ತೇವೆ ಅಂದರು, ಅಂದರೆ ಇಲ್ಲ. ಸತ್ಯಮಂಗಲ ರಸ್ತೆಯ ಕೊನೆಯಲ್ಲಿ ಮೂಗಯ್ಯ ಅನ್ನುವವರ ಮನೆ. ನಮ್ಮವರೇ, ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. "ಅದ್ಯಾಕವ್ವ ಬಾಗ್ಲಲ್ಲೇ ಒಪ್ಪಿಸ್ತೀಯ? ಒಳಕ್ ಬಾ" ಅಂದರು. ಶೀಟಿನ ಮನೆ, ಬೇಸಿಗೆಯಲ್ಲಿ ಕಾಯುತ್ತದೆ. ಶಾಲೆ ದೂರ. ಅತ್ತೆ ನಡೆಸಿಕೊಂಡು ಹೋಗುತ್ತಾರಂತೆ.

ಅನು ಹೊಸ ಮನೆಯ ಕೋಣೆಗಳಲ್ಲಿ ಕೂಗಿ ಕೂಗಿ ತನ್ನ ದನಿಯನ್ನೇ ಕೇಳಿಸಿಕೊಂಡಳು. ಶಾಲೆಯಲ್ಲಿ ಆಡುತ್ತಾಳೋ ಇಲ್ಲವೋ, ಸರ್ವೆಗೆಂದು ಮುಂದುವರಿಸಿದ ದಸರಾ ರಜೆ ಮುಗಿದ ಮೇಲೆ ನೋಡಬೇಕು.

ಅಕ್ಟೋಬರ್ ೨೪, ಶುಕ್ರವಾರ

ಅತ್ತೆಗೆ ಕಾಲು ನೋವೆಂದು ಇವತ್ತು ಅನುವನ್ನು ಕರೆತರಲು ನಾನೇ ಹೋಗಿದ್ದೆ. ಗೇಟಿನ ಹತ್ತಿರ ತಾಯಂದಿರೆಲ್ಲ ನಿಂತಿದ್ದರು. ಗಂಗಾಂಬಿಕೆಯವರೂ ಇದ್ದರು, ಕೈಯಲ್ಲಿ ಸ್ಟೀಲಿನ ಡಬ್ಬಿ. ನಾವು ಮನೆ ಬಿಟ್ಟ ಮೇಲೆ ಇವತ್ತೇ ನೋಡಿದ್ದು. ಸ್ವಲ್ಪ ಇಳಿದುಹೋಗಿದ್ದಾರೆ.

"ಹಬ್ಬಕ್ಕೆ ಕಜ್ಜಾಯ ಮಾಡಿದ್ದೆ. ಮಗುಗೆ ಇಷ್ಟ ಅಂತ..." ಅಂದರು. ಕಣ್ಣು ನೆಲದಲ್ಲೇ ಇತ್ತು.

ಅಷ್ಟರಲ್ಲಿ ಅನು ಬ್ಯಾಗು ಹೊತ್ತು ಓಡಿಬಂದಳು. ಅವರನ್ನು ಕಂಡು ನಿಂತಳು. ಮುಖ ಅರಳಿತು, ಮತ್ತೆ ಮುದುರಿತು. ಏನೋ ಹೇಳಬೇಕೆಂದು ಬಾಯಿ ತೆರೆದು ನನ್ನ ಕಡೆ ನೋಡಿದಳು.

"ಮಾತಾಡು" ಅಂದೆ.

"ಗಂಗಾಂಬಿಕಜ್ಜಿ, ನಮ್ಮನ್ನ ಯಾಕೆ ಮನೆ ಬುಡ್ಸುದ್ರಿ?"

ಜೋರಾಗಿಯೇ ಕೇಳಿದಳು. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಒಳಗಿನಿಂದ ಬರುತ್ತಿದ್ದ ನಾಗರತ್ನ ಮೇಡಂ ಅಲ್ಲೇ ನಿಂತರು. ಗಂಗಾಂಬಿಕೆಯವರು ಡಬ್ಬಿಯನ್ನು ಸೆರಗಿನ ಮರೆಗೆ ಎಳೆದುಕೊಂಡರು. ಅವರು ನನ್ನನ್ನು ನೋಡಿದರು, ನಾನು ಮಗಳನ್ನು ಸುಮ್ಮನಾಗಿಸಲಿ ಎಂದು.

ನಾನು ಅನುವಿನ ಕೈ ಹಿಡಿದುಕೊಂಡೆ. ನಾವಿಬ್ಬರೂ ಉತ್ತರಕ್ಕೆ ಕಾದೆವು.